ಹೊಸ್ತಿಲು

ಗ್ಯಾರೇಜಿನ ರ‍್ಯಾಂಪಿನ ಮೇಲೆ
ಆರಡಿ ಎತ್ತರಕ್ಕೆ ಏರಿದೆ ನನ್ನ ಕಾರು.
ತೊಂಬತ್ತೆಂಟನೇ ಇಸವಿಯದು, ಎರಡೇ ಸೀಟು,
ಬಟ್ಟೆಯ ಮಾಡು, ಪಾಚಿಯ ಹಸಿರು.
ನಿನ್ನೆ ಮೇಣ ತಿಕ್ಕಿ ಹೊಳಪೇರಿಸಿದ್ದೆ,
ಹೆಣ್ಣು ನೋಡಲು ಬರುವವರಿದ್ದಾರೇನೋ ಎಂಬಂತೆ.

ಕ್ಲೈವ್ ಮೇಲೆ ನೋಡುವುದೇ ಇಲ್ಲ.
ಟಾರ್ಚು ಹಿಡಿದು ಕೆಳಗೆ ನಡೆಯುತ್ತಾನೆ,
ಪುಟ್ಟ ಸುತ್ತಿಗೆಯಲ್ಲಿ ಟಕ್, ಟಕ್, ಟಕ್,
ಒಂದು ಕಡೆ ಟಪ್.
ಆ ಟಪ್ಪಿಗೆ ಇಬ್ಬರೂ ಸುಮ್ಮನಾದೆವು.

ಇಪ್ಪತ್ತೆರಡು ವರ್ಷ
ಗೋರ್ಲ್‌ಸ್ಟನ್ನಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು ನಾನು.
ತೆರೆಯ ಮೇಲೆ ಚಿತ್ರ ಮೂಡಿದಾಗ
ಮುಖದ ಮೇಲೆ ಏನೂ ಮೂಡಬಾರದು.
"ಡಾಕ್ಟರು ಹೇಳ್ತಾರೆ" ಅನ್ನಬೇಕು,
ಕೋಟು ತೊಡಿಸಿ, ಬಾಗಿಲವರೆಗೆ ಬರಬೇಕು.
ಈಗ ಕ್ಲೈವ್‌ನ ಕತ್ತಿನ ಮೇಲೆ ಅದೇ ನನ್ನ ಮುಖ.
ಎದುರಿಗೆ ನಿಂತವರಿಗೆ ಅದು ಹೇಗಿರುತ್ತಿತ್ತು ಅಂತ
ಇವತ್ತು ಗೊತ್ತಾಯಿತು.

"ಸಿಲ್" ಅಂದ.
ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ; ನಮ್ಮ ಲೆಕ್ಕಕ್ಕೆ ಹೊಸ್ತಿಲು.
ಎಡಗಡೆಯದು ಹೋಗಿದೆ, ಬಲಗಡೆಯದು ಹೋಗುತ್ತಿದೆ,
ಬ್ರೇಕಿನ ನಳಿಗೆ ಮುಟ್ಟಿದರೆ ಪುಡಿ.
ಮೇಲೆ ಥಳುಕು ಒಳಗೆ ಹುಳುಕು.
ಅವನಿಗದನ್ನು ಹೇಳಲಿಲ್ಲ,
ಆ ಹೊತ್ತಿಗೆ ಇಂಗ್ಲಿಷೇ ಬರಲಿಲ್ಲ.

ಚೀಟಿಯಲ್ಲಿ
ಅಪಾಯಕಾರಿ ಎರಡು, ಗಂಭೀರ ನಾಲ್ಕು,
ಗಮನಿಸುತ್ತಿರಿ ಎಂಬವಕ್ಕೆ ಹಾಳೆ ತಿರುಗಿಸಿ.
ಒಟ್ಟು ಸಾವಿರದ ಇನ್ನೂರ ಎಂಬತ್ತು ಪೌಂಡು.
ಕಾರಿಗೆ ಒಂಬೈನೂರು ಸಿಕ್ಕರೆ ಪುಣ್ಯ.
ಮೂಗಿಗಿಂತ ಮೂಗುತಿ ಭಾರ.
"ಗುಜರಿಯವನ ನಂಬರ್ ಕೊಡಲಾ?" ಅಂದ,
ಕೆಟ್ಟ ಮನಸ್ಸಿನಿಂದಲ್ಲ.

ಉದುರಿದ್ದನ್ನು ಅಂಗೈಗೆ ಹಾಕಿಸಿಕೊಂಡೆ.
ಕೆಂಪು. ಸೊಂಡೂರಿನ ಕೆಂಪು.
ಗಣಿಯ ತೂಕದ ಕಟ್ಟೆಯಲ್ಲಿ ಅಪ್ಪ ಗುಮಾಸ್ತ;
ಅದಿರಿನ ಲಾರಿಗಳು ಹೋಗುತ್ತಿದ್ದಷ್ಟು ದಿನ
ಒಗೆದ ಲಂಗ ಕೆಂಪು, ಮೊಸರಿನ ಕೆನೆ ಕೆಂಪು,
ಸೀನಿದರೆ ಕರವಸ್ತ್ರ ಕೆಂಪು.
ಕಬ್ಬಿಣ ಮಣ್ಣು ಬಿಟ್ಟು ಹೊರಡುವುದನ್ನು ಅಲ್ಲಿ ಕಂಡಿದ್ದೆ,
ಮಣ್ಣಿಗೆ ಮರಳುವುದನ್ನು ಕಂಡದ್ದು ಇಲ್ಲಿ,
ಲೋಸ್ಟಾಫ್ಟಿನ ಉಪ್ಪು ಗಾಳಿಯಲ್ಲಿ.
ಚಳಿಗಾಲಕ್ಕೆ ಕೌನ್ಸಿಲ್ಲಿನವರು ರಸ್ತೆಗೆ ಎರಚುವ ಉಪ್ಪು ಬೇರೆ.

ಇದು ಬದುಕಿನ ಬಗ್ಗೆ ಅಂತ ಓದಬೇಡಿ.
ನನ್ನ ಮಂಡಿಯ ಬಗ್ಗೆಯೂ ಅಲ್ಲ.
ನಾಲ್ಕನೇ ಸಲಕ್ಕೆ ಲೈಸೆನ್ಸು ಪಾಸಾದವಳು
ನಲವತ್ತೊಂಬತ್ತರಲ್ಲಿ, ಯಾರನ್ನೂ ಕೇಳದೆ,
ಮಿಸೆಸ್ ಥರ್ಟಲ್ ಶೆಡ್ಡಿನಿಂದ ಎಬ್ಬಿಸಿ ತಂದ
ಒಂದು ಕಾರಿನ ಬಗ್ಗೆ.
"ಹಿಂದೆ ಸೀಟಿಲ್ಲವಲ್ಲೇ, ಯಾರನ್ನ ಕೂರಿಸ್ತೀ?"
ಮಂದಾಕಿನಿ ಅಕ್ಕ ಫೋನಿನಲ್ಲಿ ಕೇಳಿದಾಗ
"ಯಾರನ್ನೂ ಇಲ್ಲ" ಅಂದಿದ್ದೆ.
ನನ್ನ ದನಿ ನನಗೇ ಇಷ್ಟವಾಗಿತ್ತು.

"ಪಾಸಾಗಲು ಬೇಕಾದ್ದಷ್ಟೇ ಮಾಡು, ಕ್ಲೈವ್."
ತಲೆ ಕೆರೆದುಕೊಂಡ, ಮತ್ತೆ ಕೂಡಿದ:
ಎಂಟುನೂರ ತೊಂಬತ್ತು.
ಹತ್ತು ಪೌಂಡು ಲಾಭ, ಅಂದುಕೊಂಡೆ.

ಹನ್ನೊಂದು ದಿನ ಬಸ್ಸು.
ಕಪ್ಪು ಬಳಿಯುವ ಮುಂಚೆಯೇ ಹೋಗಿಬಿಟ್ಟೆ ನೋಡಲು:
ಬೆಸುಗೆಯ ಉದ್ದಕ್ಕೂ ಕೆಂಪು ಬಣ್ಣ,
ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸಿದ ಹಾಗೆ.
"ಅದೂ ತುಕ್ಕೇ" ನಕ್ಕ ಕ್ಲೈವ್,
"ತುಕ್ಕು ತಡೆಯಲು ಪುಡಿ ಮಾಡಿ ಬಳಿಯೋದು."
ಎಡಗಡೆ.
ಈ ದೇಶದಲ್ಲಿ ಅದು ಪಕ್ಕದವರು ಕೂರುವ ಕಡೆ.
ಯಾರೂ ತುಳಿಯದ್ದೇ ಮೊದಲು ಸವೆದಿತ್ತು.

ಮರುದಿನ ಬೆಳಗಿನ ಪಾಳಿ.
ಬಲಗಡೆಯ ಹೊಸ್ತಿಲನ್ನು ತುಳಿಯದೆ ದಾಟಿ ಕೂತೆ,
ಮಾರ್ಚಿಯ ಚಳಿಗೆ ಮಾಡು ಮಡಚಿ,
ಪಾದಕ್ಕೆ ಹೀಟರು ಪೂರ್ತಿ ತಿರುಗಿಸಿ.
ಸಮುದ್ರದಿಂದ ಆಗತಾನೇ ಎದ್ದ ಬಿಸಿಲು
ಖಾಲಿ ಸೀಟಿನ ಮೇಲೆ ಬಂದು ಕೂತಿತು.
ಹಿಂದಿನ ಚಕ್ರದ ಹತ್ತಿರ ಏನೋ ಸಣ್ಣ ಸದ್ದು.
ರೇಡಿಯೋ ಜೋರು ಮಾಡಿದೆ.