ಚೆನ್ನಾಗಿದ್ದೀನಿ ಅನ್ನಬೇಡಿ

ಫೋನು ಬರುತ್ತದೆ, ಇಲೋನಾ. ನಾಳೆಯೋ ನಾಡಿದ್ದೋ,
ಊಟ ಮುಗಿದ ಮೇಲೆ, ನೋವಿನ ಗುಳಿಗೆ
ಕೆಲಸಕ್ಕೆ ಹತ್ತಿ ಮೈ ತುಸು ಹಗುರಾದಾಗ.
ದನಿ ಮೆತ್ತಗಿರುತ್ತದೆ, ನಿಮ್ಮ ಮಗನ ವಯಸ್ಸಿನದು.
ಮೊದಲ ಪ್ರಶ್ನೆ ಒಂದೇ, ಹೇಗಿದ್ದೀರಿ?

ಚೆನ್ನಾಗಿದ್ದೀನಿ ಅನ್ನಬೇಡಿ.

ಗೊತ್ತು, ಅರವತ್ತೆರಡು ವರ್ಷದ ಬಾಯಿಪಾಠ ಅದು.
ಚರ್ಚಿನ ಮೆಟ್ಟಿಲ ಮೇಲೆ, ಮಾಂಸದಂಗಡಿಯ ಸಾಲಿನಲ್ಲಿ,
ಗಂಡನನ್ನು ಮಣ್ಣು ಮಾಡಿ ಬಂದ ಸಂಜೆಯೂ
ಯಾರೋ ಕೇಳಿದರು, ನೀವು ಹಾಗೇ ಅಂದಿರಿ.
ಆದರೆ ಆ ಕಡೆ ಒಂದು ಕೆಂಪು ದೀಪ ಉರಿಯುತ್ತಿರುತ್ತದೆ.
ಮರ್ಯಾದೆಯ ಮಾತಿಗೆ ಅಲ್ಲಿ ತಾರೀಖು ಹಚ್ಚುತ್ತಾರೆ, ವೇಳೆ ಹಚ್ಚುತ್ತಾರೆ.
ಆಮೇಲೆ ಅದು ಮಾತಲ್ಲ, ಸಾಕ್ಷಿ.

ಸಾರಿ ಅನ್ನಲೂ ಬೇಡಿ.
ಬ್ರೆಡ್ಡಿನ ವ್ಯಾನಿನ ಹುಡುಗ ಬಿಳಿಚಿಕೊಂಡು ಇಳಿದಾಗ
ನೆಲದ ಮೇಲಿಂದಲೇ ಅವನನ್ನು ಸಮಾಧಾನ ಮಾಡಿದಿರಂತೆ.
ಹೆಂಗಸೊಬ್ಬಳು ಕೇಳಿಸಿಕೊಂಡಿದ್ದಾಳೆ. ಅವಳ ಹೆಸರು ಬರೆದುಕೊಂಡಿರಾ?
ಬರೆದುಕೊಳ್ಳಿ. ಔಷಧದಂಗಡಿಯ ಬಾಗಿಲ ಮೇಲಿನ ಕ್ಯಾಮೆರಾ
ಹಳೆಯದರ ಮೇಲೇ ಹೊಸದು ಬರೆಯುತ್ತದೆ,
ಅದನ್ನು ಇವತ್ತೇ ಕೇಳಬೇಕು.

ಆ ಕೋಟು ಒಗೆಯಬೇಡಿ.
ಕೆಸರು, ಹಿಮಕ್ಕೆ ಚೆಲ್ಲಿದ ಉಪ್ಪು, ಹರಿದ ತೋಳು
ಹಾಗೇ ಕಾಗದದ ಚೀಲದಲ್ಲಿರಲಿ.
ಭುಜದ ಫೋಟೋ ದಿನಾ ತೆಗೆಸಿ, ಪಕ್ಕಕ್ಕೊಂದು ನಾಣ್ಯ ಹಿಡಿದು.
ಮೂಗೇಟನ್ನು ನಂಬಬೇಡಿ, ನೇರಳೆ, ಹಸಿರು, ಹಳದಿ,
ಆಮೇಲೆ ಏನೂ ಆಗೇ ಇಲ್ಲವೆಂಬಂಥ ಚರ್ಮ.

ಒಂದು ನೋಟ್‌ಬುಕ್ಕು ಇಡಿ. ನೋವು ಅಂತ ಬರೆದರೆ ಸಾಲದು,
ನೋವನ್ನು ಎಲ್ಲರೂ ಬರೆಯುತ್ತಾರೆ.
ಸೌತೆಕಾಯಿ ಜಾಡಿಯ ಮುಚ್ಚಳ ಅಂತ ಬರೆಯಿರಿ.
ಒಳಉಡುಪಿನ ಕೊಕ್ಕೆ ಅಂತ ಬರೆಯಿರಿ, ನಾಚಿಕೆ ಬೇಡ.
ಮೊನ್ನೆ ಮೇಜಿನ ತುಂಬ ಬಟ್ಟೆ ಹಾಸಿ ಹಿಟ್ಟು ಎಳೆಯಲು ಹೋದಿರಲ್ಲ,
ಅಡಿಯಲ್ಲಿಟ್ಟ ಕಾಗದ ಓದಬರುವಷ್ಟು ತೆಳ್ಳಗೆ,
ಹಂಗೇರಿಯಿಂದ ನಿಮ್ಮಮ್ಮ ತಂದ ಕೈಗುಣ,
ಎಡಗೈ ಅರ್ಧಕ್ಕೇ ನಿಂತು ಹಾಳೆ ಹರಿಯಿತಲ್ಲ,
ಅದನ್ನು ಬರೆಯಿರಿ. ತಾರೀಖು ಹಾಕಿ.

ಚೆಕ್ಕು ಬಂದರೆ ಕೂಡಲೇ ಬ್ಯಾಂಕಿಗೆ ಹೋಗಬೇಡಿ.
ಹಿಂಬದಿ ಓದಿ, ಜೊತೆಗಿನ ಕಾಗದ ಓದಿ.
ಅದೂ ನಿಮ್ಮ ಹಿಟ್ಟಿನ ಹಾಗೆ, ಎಳೆದು ಬೆಳಕಿಗೆ ಹಿಡಿದರೆ
ಅಡಿಯಲ್ಲಿದ್ದದ್ದು ಕಾಣುತ್ತದೆ,
ಈ ಭುಜದ ಮಾತು ಇಲ್ಲಿಗೆ ಮುಗಿಯಿತು.
ಎಷ್ಟು ಮುರಿದಿದೆ ಅಂತ ಮೂಳೆಗೇ ಇನ್ನೂ ಗೊತ್ತಿಲ್ಲ,
ಇವರಿಗೆ ಹೇಗೆ ಗೊತ್ತಾಯಿತು?

ನಿಮಗೆ ಹೇಗೆ ಗೊತ್ತು ಇದೆಲ್ಲ, ಅಂದಿರಿ,
ಬೇಲಿಗೆ ಬಲಗೈ ಊರಿ.

ಇಪ್ಪತ್ತೊಂಬತ್ತು ವರ್ಷ, ಇಲೋನಾ, ಆ ಮೆತ್ತನೆ ದನಿ ನನ್ನದು.
ಮಾಮಿ ನದಿಯ ಆಚೆ ದಡ, ಏಳನೇ ಮಹಡಿ.
ಟೊಲಿಡೊದ ಗಾಜಿನ ಕಾರ್ಖಾನೆಯ ಡೆಲ್ಮರ್ ಅಂತ ಒಬ್ಬ,
ಆಸ್ಪತ್ರೆಯ ಹಾಸಿಗೆಯಿಂದ ಅಂದ,
ಚೆನ್ನಾಗಿದ್ದೀನಿ ಸರ್, ನೀವು ಹೇಗಿದ್ದೀರಿ?
ಆ ವಾರ ನನ್ನನ್ನು ಹಾಗೆ ಕೇಳಿದವನು ಅವನೊಬ್ಬನೇ.
ಟೇಪು ತಿರುಗುತ್ತಿತ್ತು.
ಅವನ ವಾಕ್ಯದ ಮೊದಲರ್ಧ ಫೈಲಿಗೆ ಹೋಯಿತು,
ಉಳಿದರ್ಧ ಎಲ್ಲಿಗೂ ಹೋಗಲಿಲ್ಲ.
ಏಪ್ರಿಲ್‌ನಲ್ಲಿ ಅವನ ಕಾಲು ತೆಗೆದರು.
ನಾವು ಮಾರ್ಚಿನಲ್ಲೇ ಮುಚ್ಚಿದ್ದೆವು.
ಒಂದು ಸುಳ್ಳೂ ಹೇಳಲಿಲ್ಲ ನಾನು.
ಸುಮ್ಮನೆ ಕೇಳಿದೆ, ಅಷ್ಟೆ.

ಈ ಚೀಟಿಯಲ್ಲಿ ವಕೀಲೆಯೊಬ್ಬಳ ನಂಬರಿದೆ.
ನನ್ನನ್ನು ಕಂಡರೆ ಅವಳಿಗೆ ಆಗದು. ಅದೇ ಅವಳ ಯೋಗ್ಯತೆ.
ನನ್ನ ಹೆಸರು ಎತ್ತಬೇಡಿ.

ಮುಂದಿನ ಸೋಮವಾರ ನಿಮ್ಮ ಮೆಟ್ಟಿಲ ಹಿಮ ಗೋರುತ್ತಿದ್ದೆ.
ಬಾಗಿಲು ತೆರೆಯಿತು. ಅಭ್ಯಾಸಬಲ,
ಹೇಗಿದ್ದೀರಿ, ಅಂದುಬಿಟ್ಟೆ.
ನೀವು ನನ್ನ ಮುಖ ನೋಡಿದಿರಿ. ಕೈ ನೋಡಿದಿರಿ.
ಸಲಿಕೆ ಬಿಟ್ಟು ಅದರಲ್ಲಿ ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ
ಅಂದಿರಿ,
ಬರೆದಿಟ್ಟಿದ್ದೀನಿ.