ಏಳನೇ ಮಾತ್ರೆ

ನಂಗ ಸಂಗೀತ ತಿಳೀದು.
ಬಾಗಲಕೋಟಿ ಹಳೇ ಪ್ಯಾಟ್ಯಾಗ, ಈಗ ಹಿನ್ನೀರು ನಿಂತಿರೋ ಕಡೆ,
ಮೊಳೆ ಜೋಡಸ್ತಿದ್ದೆ:
ಲಗ್ನಪತ್ರ, ಹತ್ತಿ ಅಡತಿಯ ಪಾವತಿ,
ಸತ್ತವರ ಮೂರನೇ ದಿನದ ಚೀಟಿ.

ಒಂದಿನ ಗುಳೇದಗುಡ್ಡದಿಂದ ಘನಮಠಪ್ಪ ಶೇಬಿನಕಟ್ಟಿ ಬಂದ್ರು,
ಕಂಕುಳಾಗ ಖಣದ ತುಂಡಿನ್ಯಾಗ ಸುತ್ತಿದ ವಹಿ.
"ನಲವತ್ತು ಬಂದಿಶು. ಐದುನೂರು ಪ್ರತಿ.
ರೊಕ್ಕದ ಚಿಂತಿ ಬ್ಯಾಡ, ಮಗ್ಗ ಮಾರೀನಿ."

ಸ ರಿ ಗ ಮ ಪೆಟ್ಟಿಗ್ಯಾಗ ಬೇಕಾದಷ್ಟಿದ್ವು.
ಕೋಮಲಕ್ಕ ಅಡಿಗೆರಿ, ತೀವ್ರಕ್ಕ ತಲಿಮ್ಯಾಲ ಗೀಟು,
ಅವನ್ನ ಹಿತ್ತಾಳಿ ತಗಡು ಕತ್ತರಿಸಿ ಮಾಡ್ಕೊಂಡೆ.
ಹದಿನೇಳನೇ ಪುಟದಾಗ ಕೈ ನಿಂತು.
ಝಪತಾಲ. ಆರನೇ ಮಾತ್ರೆಗೆ ಒಂದಕ್ಷರ,
ಎಂಟನೇದಕ್ಕೊಂದು.
ಏಳರ ಕೆಳಗ ಅಕ್ಷರಿಲ್ಲ, ಗೆರಿ ಇಲ್ಲ,
ಒಂದು ಸಣ್ಣ ಮುಷ್ಟಿ ಬರದಿದ್ರು, ಮಸಿಯಾಗ.

"ಇದಕ್ಕ ಯಾವ ಮೊಳೆ ಇಡ್ಲಿ, ಪಂಡಿತ್ರ?"

ಮೊಳೆ ಪೆಟ್ಟಿಗಿ ಸರಿಸಿ ಕುಂತ್ರು. ಚಾ ತರಿಸಿದೆ. ಆರಿತು.
ಅಪ್ಪನ ಕಾಲು ಮಗ್ಗದ ಕುಣಿಯೊಳಗ,
ಲಾಳಿ ಹೋಗೂದು, ಲಾಳಿ ಬರೂದು,
ಗ್ವಾಡಿ ಆಚಿ ಇನ್ನೂ ಬೆಳಕಾಗಿರಲಿಲ್ಲ,
ಕಾಶಿಂಬಿ ಬೀಸೂಕಲ್ಲಿನ ಮುಂದ.
*ಸಣ್ಣಾಗಿ ಬೀಳವ್ವ ಬಿಳಿಹಿಟ್ಟ, ತವರೀಗಿ*
*ಹೋಗೂ ಹಾದ್ಯೆಲ್ಲ ಬೆಳಗಾಗಿ.*
ಹಾಸಗ್ಯಾಗ ಕೇಳೂ ಹುಡುಗಗ
ಒಂದ ಸಂಶಯ: ಪ್ರತಿ ಸಾಲಿನ್ಯಾಗೂ ಅದ ಜಾಗಾದಾಗ
ದನಿ ಯಾಕ ಕಡೀತೈತಿ?
ಒಂದಿನ ಗ್ವಾಡಿ ತೂತಿನ್ಯಾಗ ಕಣ್ಣಿಟ್ಟು ನೋಡಿದ.
ಬಲಗೈ ಗೂಟದ ಮ್ಯಾಲ. ಎಡಗೈ
ಹಿಡಿ ಜೋಳ ತಗೊಂಡು ಕಲ್ಲಿನ ಬಾಯಿಗೆ ಹಾಕ್ತಿತ್ತು.
ಅಷ್ಟ. ಅಷ್ಟೊತ್ತು ಹಾಡು ಕಾಯ್ತಿತ್ತು.

ಆಮ್ಯಾಲ ಮಿರಜು. ಒಂಬತ್ತು ವರ್ಷ ನೀರು ಹೊತ್ತು
ಕಲ್ತಿದ್ದು. ಎರಡೂ ಗಾಂಧಾರ ಒಂದರ ಮಗ್ಗಲ ಒಂದು ಹಚ್ಚಿದಾಗೆಲ್ಲ
ಗುರುಗಳು ತಂಬೂರಿ ಕೆಳಗಿಡ್ತಿದ್ರಂತ:
"ನಿನ್ನ ಗಂಟಲಾಗ ಯಾರೋ ಹೆಂಗಸು ಕುಂತಾಳ. ಎಬ್ಬಿಸಾಕಿನ್ನ."
ಏಳಲಿಲ್ಲ ಆಕಿ.
ಊರಿಗೆ ಬಂದು ಖಣದ ವ್ಯಾಪಾರಿಗಳ ಹುಡಿಗ್ಯಾರಿಗೆ
ಪೇಟಿ ಕಲಿಸಿ ಹೊಟ್ಟಿ ಹೊರದ್ರು,
ರಾತ್ರಿ ಈ ವಹಿ.

"ಕಾಶಿಂಬಿ ಕೇಳ್ಯಾಳೇನ್ರಿ?"
"ಕೇಳ್ಯಾಳ. ಗಿರಣಿ ಬಂದಿತ್ತು ಆಗ,
ಕಲ್ಲು ಬಾಗಲಿಗೆ ಒತ್ತಿಟ್ಟಿದ್ಲು, ಗಾಳಿಗೆ ಹೊಡಕೋಬಾರದಂತ.
ಪೂರಾ ಕೇಳಿ ಅಂದ್ಲು:
ಚೊಲೋ ಐತಿ ತಮ್ಮ, ಆದ್ರ ಎಷ್ಟು ಎಳದಿ!
ಇಷ್ಟೊತ್ತಿಗೆ ನಾ ಎರಡು ಸೇರು ಬೀಸಿ ಏಳ್ತಿದ್ದೆ.
ಬಾಗಲ ತನಕ ಬಂದು ಮತ್ತ ಅಂದ್ಲು:
ಕಾಳು ಹಾಕೂದ ಮರತಿಲ್ಲ ನೋಡು ನೀ."

ಮುಷ್ಟಿಯ ಮೊಳೆ ಯಾವ ಫೌಂಡ್ರಿಯೊಳಗೂ ಸಿಗೂದಿಲ್ಲ.
ಒಂದು ಮೊಳೆ ತಲಿಕೆಳಗ ಮಾಡಿ ನಿಲ್ಲಿಸಿದೆ,
ಅದರ ಬುಡ ಕಾಗದದ ಮ್ಯಾಲ ಕರ್ರಗ ಮೂಡಿತು.
ಪಂಡಿತ್ರು ಬೆರಳಾಡಿಸಿ ನೋಡಿ, ಇರಲಿ ಅಂದ್ರು.

ಪುಣೆಯ ಪತ್ರಿಕೆಯೊಂದು ಬರೀತು:
'ರಚನೆ ಏಳನೆಯ ಮಾತ್ರೆಯಲ್ಲಿ ಕುಂಟುತ್ತದೆ.
ಅಚ್ಚಿನ ದೋಷಗಳೂ ಇವೆ.'
ಅದನ್ನ ಓದಿ ಕೆಮ್ಮು ಬರೂತನಕ ನಕ್ರು.
ಮುಂದ ಯಾರೋ ದೊಡ್ಡ ಗಾಯಕರು ರೇಡಿಯೋದಾಗ
ಆ ಜಾಗಾ ತಾನು ಹೊಡದು ತುಂಬಿದ್ರು.
ಅವತ್ತು ನಗಲಿಲ್ಲ.
"ಕಲ್ಲು ಬರಿದ ತಿರಗಾಕತ್ತೈತಿ," ಅಂದು ಆರಿಸಿಬಿಟ್ರು.

ಹೋಗಿ ಹನ್ನೊಂದು ವರ್ಷಾತು.
ಪ್ರೆಸ್ಸು ಮುಳಗೂ ಮದಲ ನವನಗರಕ್ಕ ಬಂದ್ವಿ,
ಮೊಳೆಗಳು ಸೀಸದ ತೂಕಕ್ಕ ಹೋದ್ವು.

ಹೋದ ಶನಿವಾರ ಧಾರವಾಡದಿಂದ ಒಬ್ಬ ಹುಡಿಗಿ,
ಪುಟ ಹದಿನೇಳು ಬಿಚ್ಚಿ,
"ಅಜ್ಜಾರ, ಇದು ತಪ್ಪೇನ್ರಿ?"
"ಮದಲ ಹಾಡವ್ವಾ," ಅಂದೆ.
ಹಾಡಿದ್ಲು. ನಂಗ ತಾಲ ಎಣಸಾಕ ಬರೂದಿಲ್ಲ,
ಸೀಸ ತಿಂದ ಬೆರಳು ಸೆಟೆದು ಮುಷ್ಟ್ಯಾಗೇ ಇರತಾವು.
ಎಡಗೈ ತಂತಾನ ಬಿಚ್ಚಿತು.
ಆಕಿ ಹಾಡೂದು ನಿಲ್ಲಿಸಿ ಅದನ್ನ ನೋಡಿದ್ಲು,
ಮತ್ತ ಮದಲಿಂದ ಸುರು ಮಾಡಿದ್ಲು.

ಪುಸ್ತಕದ ಬೆಲಿ ಆಗ ಮೂರು ರೂಪಾಯಿ.
ಎಂಟು ಪ್ರತಿ ಉಳದಾವ. ಈಗ ಏಳು.