ಎಡಗಾಲಿನ ಬೂಟು

ಟ್ರೊಮ್ಸೊದಿಂದ ವರದಿ ಬಂತು, ಮೂರು ಹಾಳೆ.
ಲೆಕ್ಕದಲ್ಲಿ ಹದಿನಾರರ ಹರೆಯ,
ಬರವಣಿಗೆಗೆ ಐದು,
ಬೆರಳುಗಳಿಗೆ ನಾಲ್ಕೂ ತುಂಬಿಲ್ಲ.
ಅಳುವಿನ ವಯಸ್ಸನ್ನು ಯಾರೂ ಅಳೆದಿರಲಿಲ್ಲ.
ಬೆಳಿಗ್ಗೆ ಬಾಗಿಲಲ್ಲಿ ಇಡುನ್ ಬಂದು ನಿಂತರೆ
ಯಾವ ವಯಸ್ಸಿಗೆ ನಮಸ್ಕಾರ ಹೇಳಲಿ?

"ಎಂಟಕ್ಕೆ ಹೇಳಿ," ಅಂದ ಹೆಡ್‌ಮಾಸ್ಟರ್ ಸ್ವೆರೆ,
"ರಿಜಿಸ್ಟರಿನಲ್ಲಿ ಇರುವುದು ಅಷ್ಟೇ."

ಮೊದಲ ವರ್ಷ ತಪ್ಪು ನನ್ನದು.
ದೊಡ್ಡ ತರಗತಿಯ ಪುಸ್ತಕ ತಂದು ಕಪಾಟಿನ ಮೇಲಿಟ್ಟೆ:
ಮೊದಲು ದುಂಡಗೆ ಒಂದು ಪುಟ ಬರಿ, ಆಮೇಲೆ ಇದು.
ಆ 'ಆಮೇಲೆ' ಬರಲೇ ಇಲ್ಲ.
ಪೆನ್ಸಿಲ್ ಮುರಿದಳು, ಮತ್ತೊಂದು ಮುರಿದಳು,
ಮೇಜಿನಡಿ ಕೂತು ತುಂಡುಗಳನ್ನೆಣಿಸಿ
ವರ್ಗಮೂಲ ಹೇಳಿದಳು, ಗೋಡೆಗೆ.
ಹಸಿದವಳ ಎದುರು ತಟ್ಟೆ ಎತ್ತಿ ಹಿಡಿದು
ಮೊದಲು ಕುಣಿ ಅಂದ ಹಾಗೆ
ಆಗಿತ್ತು ನನ್ನ ಪಾಠ.

ಈ ಜನವರಿ, ಎರಡು ತಿಂಗಳ ಕತ್ತಲೆ ಕಳೆದು
ಸೂರ್ಯ ಮರಳುವ ದಿನ.
ಪಂಚಾಂಗದ ಹೊತ್ತು ನೋಡಿ, ಕೊಲ್ಲಿಯಾಚೆಯ
ಗುಡ್ಡದ ಎತ್ತರ ಕಳೆದು, ಅವಳೇ ಹೇಳಿದ್ದಳು:
ಹನ್ನೊಂದು ಮೂವತ್ತೊಂದರಿಂದ ನಲವತ್ತೆರಡು.
"ಮೋಡ ನನ್ನ ಲೆಕ್ಕದಲ್ಲಿಲ್ಲ."

ಮೋಡವೂ ಇರಲಿಲ್ಲ.
ಕೈಯಲ್ಲಿ ಜಾಮು ತುಂಬಿದ ಬನ್ನು ಹಿಡಿದು
ಮಕ್ಕಳೆಲ್ಲ ಬಂದರಿಗೆ ಓಡಿದರು.
ಕಾರಿಡಾರಿನಲ್ಲಿ ಅವಳು, ನಾನು,
ಎಡಗಾಲಿನ ಬೂಟಿನ ದಾರ.
ಬಗ್ಗಿದೆ. "ಬೇಡ. ನಾನೇ."

ಒಂದು ಕಿವಿ, ಒಂದು ಸುತ್ತು, ತೂರಿಸಬೇಕು...
ಜಾರಿತು.
ಮತ್ತೆ ಒಂದು ಕಿವಿ.
ಎಷ್ಟೋ ವರ್ಷ ಯಾರ್ಯಾರದೋ ಬೂಟು ಕಟ್ಟಿದ
ನನ್ನ ಬೆರಳು ತುರಿಸಿದವು;
ಕೈಗಳ ಮೇಲೆ ಕೂತುಬಿಟ್ಟೆ.
ಹೊರಗೆ ಹೋ ಎಂಬ ಕೂಗು.
ಒಂದು ಗಂಟಿಗಾಗಿ ಮಗು
ತಾನೇ ಕರೆದ ಸೂರ್ಯನನ್ನು ಕಳೆದುಕೊಳ್ಳಬೇಕೇ?
ಇವತ್ತಿಗೂ ನನಗೆ ಗೊತ್ತಿಲ್ಲ.

ಕಿಟಕಿಯ ಗಾಜು ಕೆಂಪೇರಿತು, ಆರಿತು.

ಸೊಟ್ಟ, ಸಡಿಲ,
ಆದರೂ ಗಂಟು.
ತಲೆ ಎತ್ತಿದಳು. "ಹೋಯ್ತಾ?"
"ಹೋಯ್ತು."
"ಹೊತ್ತು ಸರಿಯಿತ್ತಾ?"
"ನಿಮಿಷಕ್ಕೆ ಸರಿಯಾಗಿ."
ಆಗ ಅತ್ತಳು ನೋಡಿ,
ಬಾಯಿ ಪೂರ್ತಿ ತೆರೆದು, ನಾಲ್ಕರವಳ ಹಾಗೆ,
ಮೂಗೆಲ್ಲ ನನ್ನ ಉಣ್ಣೆಯ ಅಂಗಿಗೆ.
ಬಿಕ್ಕಿನ ನಡುವೆಯೇ ಹದಿನಾರರವಳು ಅಂದಳು:
"ನಾಳೆ... ಮೂವತ್ತನಾಲ್ಕು ನಿಮಿಷ ಇರ್ತದೆ."

ಆಮೇಲೆ ಬಲಗಾಲು ಚಾಚಿ,
"ಇದನ್ನು ನೀವೇ ಕಟ್ಟಿ.
ಇವತ್ತಿಗೆ ನನ್ನದು ಮುಗೀತು."